ಅಕ್ಕನ ಕಾಲು, ಭಾವನ ಕೈ

ಅಕ್ಕನ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿ ಎಂದು ಭಾವನಿಗೆ ಹೇಳಿದವನು ನಾನೇ ಇರಬಹುದು. ಹೇಳಿದೆನೆಂದು ಖಚಿತವಾಗಿ ನೆನಪಿಲ್ಲ. ಹೇಳಲಿಲ್ಲವೆಂದು ಆಣೆ ಇಡುವಷ್ಟೂ ನೆನಪಿಲ್ಲ. ಆ ಸಂಜೆಯನ್ನು ಎಷ್ಟು ಸಲ ಮಗುಚಿ ಹಾಕಿದ್ದೇನೆಂದರೆ, ಅದರಲ್ಲಿ ನಡೆದದ್ದು ಯಾವುದು, ಆಮೇಲೆ ನಾನು ಹಚ್ಚಿದ ತೇಪೆ ಯಾವುದು ಎಂದು ಈಗ ನನಗೇ ಗೊತ್ತಾಗುವುದಿಲ್ಲ. ಒಂದು ಮಾತ್ರ ಅನುಮಾನಕ್ಕೆ ಎಡೆಯಿಲ್ಲದಂತೆ ನೆನಪಿದೆ — ಮರುದಿನ ಬೆಳಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ನಾನು ಸುಳ್ಳು ಹೇಳಿದೆ. ಆ ಸುಳ್ಳಿನ ಶಿಕ್ಷೆಯನ್ನು ಎರಡು ವರ್ಷದಿಂದ ನನ್ನ ಭಾವ ಅನುಭವಿಸುತ್ತಿದ್ದಾರೆ. ಅದರ ಲಾಭ ನನ್ನ ಮನೆಯಲ್ಲಿದೆ. ದಿನಾ ಬೆಳಗ್ಗೆ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತದೆ.

ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ಹೊಸ ತರಗತಿಗೆ ಒಂದು ಆಟ ಆಡಿಸುವುದು ನನ್ನ ರೂಢಿ. ಕಾಲೇಜಿಗೆ ಬಂದ ಮೊದಲ ದಿನ ಏನೇನಾಯಿತು ಎಂದು ಬರೆಸುತ್ತೇನೆ. ವರ್ಷದ ಕೊನೆಗೆ ಅದನ್ನೇ ಮತ್ತೊಮ್ಮೆ ಬರೆಸುತ್ತೇನೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದಾಗ ಹುಡುಗರು ನಗುತ್ತಾರೆ. ಬಾರದಿದ್ದ ಮಳೆ ಬಂದಿರುತ್ತದೆ, ಜೊತೆಗಿಲ್ಲದ ಗೆಳೆಯ ಜೊತೆಗಿರುತ್ತಾನೆ. "ನೋಡಿ, ನೆನಪು ಸಾಕ್ಷಿಯಲ್ಲ" ಎಂದು ನಾನು ಹೇಳುತ್ತೇನೆ. ಈ ಮಾತನ್ನು ನಾನು ನಂಬುತ್ತೇನೆ. ಆದರೆ ಕಳೆದ ಎರಡು ವರ್ಷ ಅದನ್ನು ನಂಬಿದ್ದು ಅದು ಸತ್ಯ ಎಂಬ ಕಾರಣಕ್ಕಲ್ಲ — ಅದರ ಹಿಂದೆ ಅಡಗಿಕೊಳ್ಳಲು ಜಾಗವಿತ್ತು ಎಂಬ ಕಾರಣಕ್ಕೆ.

ಅಕ್ಕನ ಹೆಸರು ಗಿರಿಜಾ. ನಾವಿಬ್ಬರೂ ಬೆಳೆದದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಅಪ್ಪ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಿದ್ದರು, ಅಮ್ಮನಿಗೆ ಸದಾ ಉಬ್ಬಸ, ಹಾಗಾಗಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅಕ್ಕ. ಒಮ್ಮೆ ಊರಿಗೆ ಎಕ್ಸಿಬಿಷನ್ ಬಂದಿತ್ತಂತೆ. ಜೈಂಟ್ ವೀಲ್ ನೋಡಿ ನಾನು ಕಿರುಚಿ ಅತ್ತೆನಂತೆ. ಟಿಕೆಟ್ ಕೈಯಲ್ಲಿದ್ದರೂ ಅಕ್ಕ ಹತ್ತದೆ, ನನ್ನನ್ನು ಮಡಿಲಲ್ಲಿಟ್ಟುಕೊಂಡು ಕೆಳಗೇ ಕುಳಿತಳಂತೆ. ಈ "ಅಂತೆ"ಗಳೆಲ್ಲ ಅವಳೇ ಹೇಳಿದ್ದು. ನನಗೆ ನೆನಪಿರುವುದು ಅವಳ ಲಂಗದ ಜರಿ ಕೆನ್ನೆಗೆ ಚುಚ್ಚುತ್ತಿದ್ದದ್ದು ಮಾತ್ರ. ಅದೂ ಆ ದಿನದ್ದೇ ಎಂದು ಹೇಗೆ ಹೇಳಲಿ?

ಭಾವನಿಗೆ ಭದ್ರಾವತಿಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಅಕ್ಕ ಮದುವೆಯಾದ ಮೇಲೂ ಕಾಗದನಗರದ ಆಸುಪಾಸಿನಲ್ಲೇ ಉಳಿದಳು. ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಅವಳೇ ಕೂರುತ್ತಿದ್ದಳು. ಫ್ಯಾನ್ ಕೊಳ್ಳಲು ಬಂದವರಿಗೆ, "ಗಾಳಿ ಜಾಸ್ತಿ ಬೇಕಾ, ಸದ್ದು ಜಾಸ್ತಿ ಬೇಕಾ? ಸದ್ದು ಬೇಕಿದ್ರೆ ನಮ್ಮನೆಯವ್ರನ್ನೇ ಕರ್ಕೊಂಡ್ಹೋಗಿ" ಎನ್ನುವ ಬಾಯಿ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅಂಗಡಿಯ ಅಟ್ಟದಿಂದ ಫ್ಯಾನಿನ ಪೆಟ್ಟಿಗೆ ಇಳಿಸುವಾಗ ಏಣಿ ಜಾರಿತು. ಪಾದದ ಗಂಟಿನ ಮೇಲೆ ಮೂಳೆ ಮುರಿದು ಮಂಡಿಯ ಕೆಳಗಿನಿಂದ ಪ್ಲಾಸ್ಟರ್ ಹಾಕಿದರು. ಮಗಳು ಅಂಕಿತಾ, ಆಗ ಆರನೇ ಕ್ಲಾಸು ಮುಗಿಸಿದ್ದವಳು, ಸ್ಕೆಚ್ ಪೆನ್ನಿನಲ್ಲಿ ಆ ಪ್ಲಾಸ್ಟರಿನ ತುಂಬ ದಾಸವಾಳ ಬರೆದಳು.

ಆ ವರ್ಷ ಸೋಗಾನೆಯ ಕಡೆ ಹೊಸ ಪಾರ್ಕು ಶುರುವಾಗಿತ್ತು — ನೀರಾಟ, ತೂಗುವ ಹಡಗು, ಜೈಂಟ್ ವೀಲ್, ಎಲ್ಲ. ರಜೆಯಲ್ಲಿ ಅಂಕಿತಾಳನ್ನು ಕರೆದೊಯ್ಯುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಆದರೆ ಹೋಗಿ ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಒಂದೊಂದಕ್ಕೂ ಗಂಟೆಗಟ್ಟಲೆ ಸಾಲು. ಜೊತೆಗೆ ಇನ್ನೊಂದನ್ನೂ ಹೇಳಿದ್ದರು — ಗಾಲಿಕುರ್ಚಿಯಲ್ಲಿ ಬಂದವರಿಗೂ ಅವರ ಮನೆಯವರಿಗೂ ಬೇರೆ ಗೇಟು, ಸಾಲಿಲ್ಲ.

ಅಕ್ಕನನ್ನು ನೋಡಲು ಹೋದವನು ಊಟದ ಹೊತ್ತಿನಲ್ಲಿ ಇದನ್ನು ತಮಾಷೆಯಾಗಿಯೇ ಎತ್ತಿದೆ. "ಅಕ್ಕ, ನೀನು ಬಂದ್ರೆ ನಮಗೆ ಕ್ಯೂನೇ ಇಲ್ಲ."

ಅಕ್ಕ ನಕ್ಕಳು. "ಅಂತೂ ನನ್ ಕಾಲು ಮುರಿದಿದ್ದಕ್ಕೂ ಒಂದು ಉಪಯೋಗ ಆಯ್ತಲ್ಲ ಮಾರಾಯ."

ಭಾವ ನಗಲಿಲ್ಲ. "ಕಾಲು ಮೇಲಿಟ್ಕೊಂಡು ಮಲ್ಗು ಅಂದಿದಾರೆ ಡಾಕ್ಟ್ರು. ಪ್ಲಾಸ್ಟರ್ ತೆಗೆದ್ಮೇಲೆ ಹೋದ್ರಾಯ್ತಪ್ಪ. ಪಾರ್ಕೇನು ಓಡಿ ಹೋಗುತ್ತಾ?"

"ಡಾಕ್ಟ್ರು ಎಲ್ರಿಗೂ ಹಂಗೇ ಹೇಳ್ತಾರೆ ಭಾವ. ಸುಮ್ನೆ ಮಲಗಿದ್ರೇನೇ ತೊಂದ್ರೆ ಜಾಸ್ತಿ. ಒಂಚೂರು ಹೊರಗಡೆ ಹೋದ್ರೆ ಮನಸ್ಸಿಗೂ ಒಳ್ಳೇದು."

"ಹೌದೌದು, ಪ್ರೊಫೆಸರ್ರು ಹೇಳಿದ್ಮೇಲೆ ಮುಗೀತು," ಎಂದು ಭಾವ ಎದ್ದು ಕೈ ತೊಳೆಯಲು ಹೋದರು.

ನಾನು ಓದಿದ್ದು ಮನಸ್ಸಿನ ಶಾಸ್ತ್ರ, ಮೂಳೆಯದಲ್ಲ. ಆದರೂ ಆ ಮನೆಯಲ್ಲಿ ನನ್ನ ಮಾತಿಗೆ ಒಂದು ತೂಕವಿತ್ತು. ಯೂನಿವರ್ಸಿಟಿಯಲ್ಲಿ ಓದಿದ ತಮ್ಮ ಎಂದು ಆ ತೂಕವನ್ನು ಅಕ್ಕನೇ ಕಟ್ಟಿಕೊಟ್ಟಿದ್ದಳು. ಅದನ್ನು ಅವಳ ವಿರುದ್ಧವೇ ಬಳಸಿದೆ.

ಒಂದು ಭಾನುವಾರ ಹೋದೆವು. ನನ್ನ ಹೆಂಡತಿ ವೀಣಾ ತವರಿಗೆ ಹೋಗಿದ್ದಳು. ಭಾನುವಾರವಾದರೂ ಯಾವುದೋ ಹೊಸ ಮನೆಯ ವೈರಿಂಗ್ ಸಾಮಾನು ಕೊಡಬೇಕೆಂದು ಭಾವ ಅಂಗಡಿ ತೆರೆದಿದ್ದರು. ನಾನು, ಅಕ್ಕ, ಅಂಕಿತಾ — ಮೂವರೇ. ಗೇಟಿನಲ್ಲಿ ಮೂವರ ಮಣಿಕಟ್ಟಿಗೂ ನೀಲಿ ಕಾಗದದ ಪಟ್ಟಿ ಅಂಟಿಸಿದರು. "ಆಸ್ಪತ್ರೇಲಿ ಬಾಣಂತಿಗೆ ಕಟ್ಟಿದಂಗಿದೆ," ಎಂದು ಅಕ್ಕ ಕೈ ತಿರುಗಿಸಿ ನೋಡಿಕೊಂಡಳು. ಪಾರ್ಕಿನವರು ಕೊಟ್ಟ ಗಾಲಿಕುರ್ಚಿಯಲ್ಲಿ ಕಾಲು ನೀಡಿ ಇಡುವ ಅನುಕೂಲವಿರಲಿಲ್ಲ. ಪ್ಲಾಸ್ಟರಿನ ಕಾಲು ಕೆಳಗೇ ಇಳಿಬಿದ್ದಿರುತ್ತಿತ್ತು. ಅದರಡಿ ನಮ್ಮ ಚೀಲ ಇಟ್ಟೆ. ಅದು ಜಾರುತ್ತಿತ್ತು. ಮತ್ತೆ ಇಟ್ಟೆ. ಆಮೇಲೆ ಇಡುವುದನ್ನು ಬಿಟ್ಟೆ.

ಈ ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಬೇರೆ ಗೇಟು ಎಂದರೆ ಪ್ರತಿಯೊಂದು ಆಟದ ಬಾಗಿಲಿಗೂ ಅಕ್ಕನನ್ನು ತಳ್ಳಿಕೊಂಡು ಹೋಗಬೇಕಿತ್ತು. ಅಲ್ಲಿ ನಿಂತವನು ಪ್ಲಾಸ್ಟರ್ ನೋಡಿ ನಮ್ಮನ್ನು ಒಳಗೆ ಬಿಡುತ್ತಿದ್ದ. ಅಕ್ಕ ಹೊರಗೆ ಬಿಸಿಲಲ್ಲಿ. ನಾನೂ ಅಂಕಿತಾಳೂ ಇಳಿದು ಬರುವುದು, ಅಕ್ಕನನ್ನು ಮುಂದಿನ ಬಾಗಿಲಿಗೆ ತಳ್ಳುವುದು. ಪಾರ್ಕಿನ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ. ಅಕ್ಕ ನಮ್ಮ ಜೊತೆ ಬಂದವಳಾಗಿರಲಿಲ್ಲ — ನಮ್ಮ ಟಿಕೆಟ್ಟಾಗಿದ್ದಳು. ಒಂದು ಬಾಗಿಲಲ್ಲಿ ಹೆಂಗಸೊಬ್ಬಳು ಸಾಲಿನಿಂದ ಗೊಣಗಿದಾಗ ಅಕ್ಕ ಪ್ಲಾಸ್ಟರಿನ ಮೇಲೆ ತಟ್ಟಿ, "ಬೇಕಿದ್ರೆ ಬಾಡಿಗೆಗೆ ಕೊಡ್ತೀನಿ ಬಾರಮ್ಮ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳು ನೀರು ಕುಡಿಯಲಿಲ್ಲ. ಇದು ನೆನಪಿದೆ. ಬಾಟಲಿ ಚಾಚಿದಾಗ, "ಬೇಡ ಕಣೋ. ಆಮೇಲೆ ಹೋಗ್ಬೇಕು ಅಂದ್ರೆ ನೀನು ಎತ್ಕೊಂಡು ಹೋಗ್ತೀಯಾ?" ಎಂದಳು. ನಮ್ಮ ಹೆಂಗಸರು ಮನೆಯಿಂದ ಹೊರಬಿದ್ದ ದಿನವೆಲ್ಲ ಹೀಗೇ, ನಾಲಿಗೆ ಒಣಗಿದರೂ ಗುಟುಕು ನೀರು ಕುಡಿಯರು. ಅವಳ ಕಾಲಿಗೆ ಪ್ಲಾಸ್ಟರ್ ಬೇರೆ. ನಾನು ಒತ್ತಾಯ ಮಾಡಲಿಲ್ಲ. ಮಾಡದಿದ್ದುದು ಮರೆತಲ್ಲ — ಆ ಕೆಲಸ ನನ್ನ ಪಾಲಿಗೆ ಬರದಿದ್ದರೆ ಸಾಕು ಎಂದು ಒಳಗೊಳಗೇ ಹಾಯೆನಿಸಿತ್ತು.

ಬುತ್ತಿಯ ಮೊಸರನ್ನ ತಿಂದೆವು. ಅಂಕಿತಾಳಿಗೆ ಸಾಕಾಗಿತ್ತು; ಬೇಲಿಯ ಹತ್ತಿರ ಐಸ್‌ಕ್ರೀಮ್ ನೆಕ್ಕುತ್ತ ನಿಂತಿದ್ದಳು. ಜೈಂಟ್ ವೀಲ್ ಹತ್ತಬೇಕೆಂದು ಹಟ ಹಿಡಿದದ್ದು ಮಗುವಲ್ಲ, ನಾನು. ಆಗ ಅಕ್ಕ ಹೇಳಿದಳು —

"ಮಂಜ, ಮಂಡಿ ಹಿಂದ್ಗಡೆ ಒಂಥರಾ ಹಿಡ್ಕೊಂಡಂಗೆ ಆಗ್ತಿದೆ ಕಣೋ. ತೊಡೆವರ್ಗೂ ಭಾರ. ಹೋಗಣ್ವಾ?"

"ಕೂತು ಕೂತು ಜೋಮು ಹಿಡಿದಿರುತ್ತೆ. ಇದೊಂದು ಆಗ್ಬಿಡ್ಲಿ ಅಕ್ಕ."

"ಸರಿ, ಹತ್ತು. ನಂಗೆ ಕೆಳಗೆ ಕೂತು ನೋಡೋದೇ ಬರೆದಿರೋದು."

ಈ ಮಾತುಗಳು ಹೀಗೇ ಇದ್ದವೇ? "ತೊಡೆವರ್ಗೂ" ಎಂದಳೇ, ಬರೀ "ಕಾಲು" ಎಂದಳೇ? ಎಷ್ಟೋ ಸಲ ಪದ ಬದಲಿಸಿ ನೋಡಿದ್ದೇನೆ. ಎರಡು ವರ್ಷ ನಾನು ಮಾಡಿದ್ದು ಇದನ್ನೇ — ಪದಗಳನ್ನು ಅನುಮಾನಿಸುತ್ತ ಅನುಮಾನಿಸುತ್ತ, ಅವಳು ಏನನ್ನೂ ಹೇಳಿರಲಿಕ್ಕಿಲ್ಲ ಎನ್ನುವಲ್ಲಿಗೆ ಬಂದು ನಿಲ್ಲುವುದು. ಆದರೆ ಹೇಳಿದಳು. ನೋವು ಎಂದಳು, ಹೋಗೋಣ ಎಂದಳು, ನಾನು ಚಕ್ರ ಹತ್ತಿದೆ. ಮೇಲಿನಿಂದ ವಿಮಾನ ನಿಲ್ದಾಣದ ಉದ್ದನೆಯ ರನ್‌ವೇ ಕಾಣಿಸಿತು. ಕೆಳಗೆ ಅಕ್ಕ ಕೈ ಬೀಸಿದಂತೆ ನೆನಪು. ಬೀಸಿದಳೋ, ಯಾರನ್ನಾದರೂ ಕರೆಯಲು ಕೈ ಎತ್ತಿದಳೋ...

ವಾಪಸು ಬರುವಾಗ ಅಕ್ಕ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತಿದ್ದಳು. ಅಂಕಿತಾ ಮುಂದೆ ನನ್ನ ಪಕ್ಕದಲ್ಲಿ ನಿದ್ದೆ ಹೋಗಿದ್ದಳು. ಸೋಗಾನೆ ಬಿಟ್ಟು ಭದ್ರಾವತಿ ಮುಟ್ಟುವವರೆಗೆ ಎಲ್ಲಿಯೂ ಗಾಡಿ ನಿಲ್ಲಿಸಿದ ನೆನಪು ನನಗಿಲ್ಲ. ರಸ್ತೆ ಒಂದೇ ಎಳೆಯಾಗಿ ನೆನಪಿದೆ. ಮನೆ ಮುಟ್ಟಿದಾಗ ಭಾವ ಬಾಗಿಲಲ್ಲೇ ಇದ್ದರು. ನಾವಿಬ್ಬರೂ ಅಕ್ಕನನ್ನು ಕೈಜೋಡಿಸಿ ಎತ್ತಿ ಒಳಗೆ ಮಲಗಿಸಿದೆವು.

ಅಲ್ಲಿಂದ ಮುಂದೆ ನನ್ನ ಬಳಿ ಮೂರು ಸಂಜೆಗಳಿವೆ. ಒಂದರಲ್ಲಿ ಭಾವ ತಾವಾಗಿಯೇ, "ಸ್ವಲ್ಪ ಎಣ್ಣೆ ಹಚ್ಲಾ?" ಎನ್ನುತ್ತಾರೆ. ಇನ್ನೊಂದರಲ್ಲಿ ಅಕ್ಕನೇ ಕೇಳುತ್ತಾಳೆ. ಮೂರನೆಯದರಲ್ಲಿ ನಾನು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿ, "ಜೋಮು ಹಿಡಿದಿದೆ ಭಾವ, ಬಿಸಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ, ಬೆಳಗ್ಗೆ ಹೊತ್ತಿಗೆ ಸರಿ ಹೋಗುತ್ತೆ" ಎನ್ನುತ್ತೇನೆ. ಮೊದಲೆರಡು ಸಂಜೆಗಳಲ್ಲಿ ನಾನು ಎಲ್ಲಿ ನಿಂತಿದ್ದೆ ಎಂದು ನನಗೆ ಕಾಣುವುದಿಲ್ಲ. ಮೂರನೆಯದರಲ್ಲಿ ಮಾತ್ರ ಚಪ್ಪಲಿಯ ಬಾರು ಬೆರಳಿಗೆ ಸಿಗದೆ ಒದ್ದಾಡಿದ್ದೂ ಇದೆ.

ಬೆಳಕು ಹರಿಯುವ ಮೊದಲು ಭಾವನ ಫೋನು ಬಂತು. ಅಕ್ಕನಿಗೆ ಉಸಿರು ಸಿಗುತ್ತಿಲ್ಲ. ನಾನು ಶಿವಮೊಗ್ಗದಿಂದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೇರಿ ಶ್ವಾಸಕೋಶಕ್ಕೆ ಹೋಗಿದೆ ಎಂದರು ಡಾಕ್ಟರು, ಚಿಕ್ಕ ವಯಸ್ಸಿನ ಹೆಂಗಸು. ಅವರು ಕೇಳಿದರು: "ನಿನ್ನೆ ಕಾಲು ನೋವು, ಬಾವು ಏನಾದ್ರೂ ಅಂದಿದ್ರಾ? ತುಂಬಾ ಹೊತ್ತು ಕಾಲು ಇಳಿಬಿಟ್ಕೊಂಡು ಕೂತಿದ್ರಾ?"

ಅಕ್ಕನ ಜೊತೆ ಆ ದಿನವಿಡೀ ಇದ್ದವನು ನಾನು. ಎಲ್ಲರೂ ನನ್ನ ಕಡೆ ನೋಡಿದರು.

"ಇಲ್ಲ ಮೇಡಂ. ಆರಾಮಾಗಿದ್ಲು. ಏನೂ ಹೇಳ್ಲಿಲ್ಲ."

ಆಗ ಭಾವ, "ರಾತ್ರಿ ನೋವು ಅಂದ್ಳು ಮೇಡಂ. ಹರಳೆಣ್ಣೆ ಬಿಸಿ ಮಾಡಿ ತೊಡೆಗೆ, ಮಂಡಿಗೆ ತಿಕ್ಕಿದೆ" ಎಂದರು. ತಿಕ್ಕಿದ ಎರಡು ಕೈಗಳನ್ನೂ ಮುಂದೆ ಚಾಚಿಕೊಂಡೇ ಹೇಳಿದರು.

"ಅಯ್ಯೋ — ತಿಕ್ಕಬಾರ್ದಿತ್ತು."

ಡಾಕ್ಟರು ಕೂಡಲೇ ತಮ್ಮ ಮಾತು ತಿರುಗಿಸಿದರು. ಅದರಿಂದಲೇ ಎಂದು ಹೇಳಲಾಗದು, ತಿಕ್ಕದಿದ್ದರೂ ಆಗಬಹುದಿತ್ತು ಎಂದರು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಅಂಕಿತಾ ಅವರ ಮೊದಲ ಮಾತನ್ನು ಮಾತ್ರ ಕೇಳಿಸಿಕೊಂಡಿದ್ದಳು. ಭಾವ ಒಮ್ಮೆ ನನ್ನ ಕಡೆ ನೋಡಿದರು. ಅಥವಾ ನೋಡಿದರೆಂದು ನಾನು ಆಮೇಲೆ ಸೇರಿಸಿಕೊಂಡೆನೋ. ಏನೇ ಇರಲಿ, ಅವರು ನನ್ನ ಹೆಸರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಪದ್ಮಾಸನ ಹಾಕಿಸಿ, ವಿಭೂತಿ ಹಚ್ಚಿ, ಕುಳ್ಳಿರಿಸಿಯೇ ಸಮಾಧಿ ಮಾಡುತ್ತೇವೆ. ಅಕ್ಕನ ಕಾಲು ಮಡಚಲು ಬರಲಿಲ್ಲ. ಪ್ಲಾಸ್ಟರ್ ಕತ್ತರಿಸಬೇಕಾಯಿತು. ಅಂಗಡಿಯಿಂದ ತಂದ ಬ್ಲೇಡಿನಲ್ಲಿ ಅದನ್ನು ಕೊಯ್ದವರು ಭಾವ. ಬೇರೆ ಯಾರಿಗೂ ಕೈ ಬರಲಿಲ್ಲ. ದಾಸವಾಳದ ನಡುವೆಯೇ ಬ್ಲೇಡು ಹೋಯಿತು. ಅಂಕಿತಾ ಒಂದು ತುಂಡನ್ನು ಎತ್ತಿಕೊಂಡು ಫ್ರಾಕಿನ ಜೇಬಿಗೆ ಹಾಕಿಕೊಂಡಳು. ಅಕ್ಕನ ಮಣಿಕಟ್ಟಿನ ನೀಲಿ ಪಟ್ಟಿಯನ್ನು ತೆಗೆಯಲು ಯಾರಿಗೂ ತೋಚಲಿಲ್ಲ. ಅದು ಅವಳೊಂದಿಗೇ ಹೋಯಿತು.

ಆಮೇಲೆ ಊರಿನ ಬಾಯಿ ತನ್ನ ಕೆಲಸ ಮಾಡಿತು. ಗಂಡ ಎಣ್ಣೆ ತಿಕ್ಕಿದ್ದಕ್ಕೇ ಹೋದಳಂತೆ. ಪಾಪ, ಗೊತ್ತಿಲ್ಲದೆ ಮಾಡಿದ್ದು. ಗೊತ್ತಿಲ್ಲದಿದ್ದರೆ ಸುಮ್ಮನಿರಬೇಕಿತ್ತಪ್ಪ. ಅಂಕಿತಾ ಅಪ್ಪ ಬಡಿಸಿದ್ದನ್ನು ತಿನ್ನುವುದು ನಿಲ್ಲಿಸಿದಳು, ಅಷ್ಟೇ. ತಟ್ಟೆಯನ್ನು ತಾನೇ ತೆಗೆದುಕೊಂಡು ಹೋಗಿ ತಾನೇ ಹಾಕಿಕೊಳ್ಳುತ್ತಿದ್ದಳು. ಆಮೇಲೆ ಅದೂ ಇಲ್ಲ. ಶಾಲೆ ತೆರೆಯುವ ಹೊತ್ತಿಗೆ ಭಾವನೇ ಅವಳ ಬಟ್ಟೆಯ ಚೀಲ ಹಿಡಿದು ನಮ್ಮ ಮನೆಗೆ ಬಂದರು. "ನಿಮ್ಮತ್ರ ಇರ್ಲಿ. ನನ್ ಕೈಯಲ್ಲಿ ಅದು ಉಣ್ಣಲ್ಲ," ಎಂದರು.

ನನಗೂ ವೀಣಾಳಿಗೂ ಮಕ್ಕಳಿಲ್ಲ. ಅಂಕಿತಾ ಬಂದ ಮೇಲೆ ನಮ್ಮ ಮನೆಯ ಗೋಡೆಗೆ ವೇಳಾಪಟ್ಟಿ ಬಂತು, ಬಚ್ಚಲಲ್ಲಿ ಹೇರ್‌ಬ್ಯಾಂಡು ಬಂತು, ವೀಣಾ ಸಂಜೆ ಹಾಡಿಕೊಳ್ಳತೊಡಗಿದಳು. "ಮಾವ" ಎಂದು ಒಳಗಿನಿಂದ ಕೂಗು ಬಂದರೆ ನನ್ನ ಎದೆ ತುಂಬುತ್ತಿತ್ತು. ನಾನು ಬಾಯಿ ಬಿಟ್ಟರೆ ಈ ಕೂಗು ನಿಲ್ಲುತ್ತದೆ — ಇದು ನನಗೆ ಗೊತ್ತಿತ್ತು. ಅನುಮಾನಗಳ ಬಗ್ಗೆ ಇಷ್ಟು ಮಾತಾಡುವ ನಾನು ಇದೊಂದನ್ನು ಎಂದೂ ಅನುಮಾನಿಸಲಿಲ್ಲ.

ಭಾವ ಪ್ರತಿ ಭಾನುವಾರ ಬಸ್ಸಿನಲ್ಲಿ ಬರುತ್ತಿದ್ದರು. ಬೇಕರಿಯಿಂದ ಖಾರದ ಬನ್ನು ತರುತ್ತಿದ್ದರು. ಅಂಕಿತಾ ಪೊಟ್ಟಣವನ್ನು ಮೇಜಿನ ಮೇಲಿಂದ ಎತ್ತಿಕೊಂಡು ಕೋಣೆಗೆ ಹೋಗುತ್ತಿದ್ದಳು. ಅವರು ಕಾಫಿ ಕುಡಿದು, ಆ ಬಾಗಿಲನ್ನು ಒಂದಷ್ಟು ಹೊತ್ತು ನೋಡಿ, ಹೊರಡುತ್ತಿದ್ದರು. ಮೊದಲು ಮಾತಿಗೊಂದು ಕೊಂಕು ಹಚ್ಚುತ್ತಿದ್ದ ಮನುಷ್ಯ. ಈಗ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದರು.

ನಿನ್ನೆ ಅಂಕಿತಾಳ ಶಾಲೆಯಲ್ಲಿ ಖೋಖೋ ಆಡುವಾಗ ಅವಳ ಪಾದ ಉಳುಕಿತು. ಮೂಳೆಗೇನೂ ಆಗಿರಲಿಲ್ಲ, ಬರೀ ಬಾವು. ವೀಣಾ ಭಾವನಿಗೆ ಫೋನು ಮಾಡಿದ್ದೇ ತಪ್ಪಾಯಿತೋ ಏನೋ, ಅಂಗಡಿಯನ್ನು ಹಾಗೇ ಬಿಟ್ಟು ಬಂದರು. ಮಗಳು ಸೋಫಾದ ಮೇಲೆ ಕಾಲು ಚಾಚಿ ಅಳುತ್ತಿದ್ದಳು. ಅವರು ಚಪ್ಪಲಿ ಬಿಡುವುದನ್ನೂ ಮರೆತು ಹತ್ತಿರ ಬಂದು, ಬಗ್ಗಿ, ಕೈ ಚಾಚಿದರು. ಯಾವ ಅಪ್ಪನಾದರೂ ಚಾಚುವ ಹಾಗೆ.

"ಮುಟ್ಬೇಡ!" ಅಂಕಿತಾ ಕಾಲು ಎಳೆದುಕೊಂಡಳು. "ಅಮ್ಮಂಗೆ ಮಾಡ್ದಂಗೆ ನಂಗೂ ಮಾಡ್ಬೇಡ."

ಭಾವ ಬಗ್ಗಿದಲ್ಲೇ ನಿಂತರು. ಆ ಕೈಯನ್ನು ಎಲ್ಲಿಡಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ಕೊನೆಗೆ ಅಂಗಿಯ ಜೇಬಿನಲ್ಲಿ ಏನೋ ಹುಡುಕುವವರಂತೆ ಇಟ್ಟುಕೊಂಡು, "ಇಲ್ಲಮ್ಮ, ಇಲ್ಲ" ಎಂದು ಹಿಂದೆ ಹಿಂದೆ ಸರಿದು, ವೀಣಾ ನೀರು ತರುವಷ್ಟರಲ್ಲಿ ಹೊರಟೇ ಹೋದರು.

ನಾನು ಗೇಟಿನವರೆಗೂ ಓಡಿದೆ. ಕರೆಯದೆ ತಿರುಗಿ ಬಂದು ಅಂಕಿತಾಳ ಎದುರು ಕುರ್ಚಿ ಎಳೆದು ಕುಳಿತೆ. ಹೇಳಿದೆ — ಪಾರ್ಕಿನಲ್ಲಿ ಮಧ್ಯಾಹ್ನವೇ ನಿನ್ನಮ್ಮ ನೋವು ಅಂದಿದ್ದಳು. ಹೋಗೋಣ ಅಂದಳು. ನಾನು ಕೇಳಲಿಲ್ಲ. ಡಾಕ್ಟರ ಮುಂದೆ ಸುಳ್ಳು ಹೇಳಿದೆ. ಅಪ್ಪ ಎಣ್ಣೆ ಮುಟ್ಟುವ ಮೊದಲೇ ಅವಳ ಕಾಲಿನಲ್ಲಿ ಅದು ಶುರುವಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ವೀಣಾ ನಿಂತಿದ್ದಳು. ಅವಳಿಗೂ ಇದು ಹೊಸದು.

"ತಿಕ್ಕಿ ಅಂತ ಹೇಳಿದ್ದೂ ನಾನೇ ಇರಬಹುದು," ಎಂದೆ.

ಅಂಕಿತಾ ಅಳುವುದನ್ನು ನಿಲ್ಲಿಸಿದ್ದಳು. "ಇರಬಹುದು ಅಂದ್ರೆ?"

"ನಂಗೆ ಸರಿಯಾಗಿ ನೆನಪಿಲ್ಲ ಪುಟ್ಟ. ನೆನಪು ಅನ್ನೋದು..."

"ಎಣ್ಣೆ ಯಾರು ತಂದಿದ್ದು?"

"ಮನೇಲಿ ಇದ್ದಿದ್ದೇ..."

"ನಮ್ಮನೇಲಿ ಹರಳೆಣ್ಣೆ ಇರ್ತಿರ್ಲಿಲ್ಲ ಮಾವ. ಅಮ್ಮಂಗೆ ಅದ್ರ ವಾಸ್ನೆ ಆಗ್ತಿರ್ಲಿಲ್ಲ." ಅವಳು ನನ್ನನ್ನೇ ನೋಡುತ್ತಿದ್ದಳು, ಅಕ್ಕನದೇ ಕಣ್ಣು. "ಯಾರು ತಂದಿದ್ದು?"

ನೆನಪಿಲ್ಲ ಎಂದೆ. ನಿಜವಾಗಿಯೂ ನೆನಪಿರಲಿಲ್ಲ. ನಿಜ ಹೇಳುವಾಗಲೂ ಸುಳ್ಳುಗಾರನ ಮುಖವೇ ನನ್ನದು ಎಂದು ಅವಳ ಮುಖದಲ್ಲಿ ಕಂಡಿತು.

ಇಂದು ಬೆಳಗ್ಗೆ ರಜೆ ಹಾಕಿ ಭದ್ರಾವತಿಗೆ ಹೋದೆ. ಭಾವ ಅಂಗಡಿಯಲ್ಲಿ ಹಳೆಯ ಮಿಕ್ಸಿಯೊಂದನ್ನು ಬಿಚ್ಚಿಕೊಂಡು ಕುಳಿತಿದ್ದರು. "ಏನು ಪ್ರೊಫೆಸರ್ರು, ಕಾಲೇಜಿಗೆ ಚಕ್ಕರ್ರಾ?" ಎಂದರು. ಧ್ವನಿಯಲ್ಲಿ ಹಳೆಯ ಕೊಂಕಿನ ನೆರಳಷ್ಟೇ ಇತ್ತು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅಂಕಿತಾಳಿಗೆ ಹೇಳಿದ್ದನ್ನೂ ಹೇಳಿದೆ. ಅವರು ತಿರುಪು ಬಿಚ್ಚುವುದನ್ನು ನಿಲ್ಲಿಸಲಿಲ್ಲ.

"ನಿಮಗೆ ಗೊತ್ತಿತ್ತಾ ಭಾವ?"

"ಅವತ್ತು ರಾತ್ರಿನೇ ಹೇಳಿದ್ಳಲ್ಲ ಗಿರಿಜಾ. ಮಧ್ಯಾಹ್ನದಿಂದ ಹಿಡ್ಕೊಂಡಿದೆ, ಮಂಜಂಗೆ ಹೇಳ್ದೆ ಅಂತ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ನೀವು?"

"ಏನಂತ ಹೇಳ್ಲೋ? ಹುಡುಗಿ ಆಗ್ಲೇ ನನ್ನ ಬಿಟ್ಟಾಗಿತ್ತು. ನಿನ್ನನ್ನೂ ಬಿಟ್ಟಿದ್ರೆ ಎಲ್ಲಿಗೆ ಹೋಗ್ತಿತ್ತು ಅದು?" ತಿರುಪುಮೊಳೆಗಳನ್ನು ಒಂದು ಬಟ್ಟಲಿಗೆ ಹಾಕಿದರು. "ನೀನೇ ಹೇಳ್ತೀಯೇನೋ ಅಂತ ಕಾದೆ. ಭಾನುವಾರ ಬಸ್ಸಲ್ಲಿ ಬರ್ತಾ ಅನ್ಕೊಳ್ತಿದ್ದೆ, ಇವತ್ತು ಹೇಳ್ತಾನೆ, ಇವತ್ತು ಹೇಳ್ತಾನೆ ಅಂತ. ಆಮೇಲೆ ಕಾಯೋದು ಬಿಟ್ಟೆ."

"ತಿಕ್ಕಿ ಅಂತ ಹೇಳಿದ್ದು ನಾನೇ ತಾನೆ?"

ಆಗ ಅವರು ತಲೆಯೆತ್ತಿದರು. ಸಿಟ್ಟಿತ್ತು, ಆದರೆ ನಾನು ಬಯಸಿ ಬಂದ ಸಿಟ್ಟಲ್ಲ. "ಹೇಳಿದ್ದು ಯಾರಾದ್ರೆ ಏನು ಮಾರಾಯ? ತಿಕ್ಕಿದ್ದು ಈ ಕೈ. ನೀನು ಬಂದು ಹೇಳ್ಬಿಟ್ರೆ ಇದು ತಿಕ್ಕಿಲ್ಲ ಅಂತ ಆಗುತ್ತಾ?"

ಇಷ್ಟು ದಿನ ನಾನು ಅಂದುಕೊಂಡಿದ್ದೆ — ಸತ್ಯ ಹೇಳಿದ ದಿನ ಅವರ ಹೆಗಲಿನಿಂದ ಭಾರ ಇಳಿದು ನನ್ನ ಹೆಗಲಿಗೆ ಬರುತ್ತದೆ ಎಂದು. ಇಳಿಯಲಿಲ್ಲ. ಮೊದಲ ವಾರವೇ ಹೇಳಿದ್ದರೆ ಇಳಿಯುತ್ತಿತ್ತೇನೋ. ಎರಡು ವರ್ಷದಲ್ಲಿ ಅದು ಅವರ ಮೈಗೇ ಹತ್ತಿಬಿಟ್ಟಿದೆ. ಇದು ನಾನು ಕದ್ದದ್ದು, ಹಿಂದಿರುಗಿಸಲು ನನ್ನಿಂದಾಗದ್ದು.

ಎಣ್ಣೆಯ ಬಗ್ಗೆ ಕೇಳಿದೆ. "ಇನ್ನೂ ಅಲ್ಲೇ ಇದೆ," ಎಂದರು. "ಅಡುಗೆಮನೆ ಮೇಲಿನ ಹಲಗೆ ಮೇಲೆ, ಚೀಲದ ಸಮೇತ. ಎಸೆಯಕ್ಕೆ ಮನಸ್ಸು ಬರ್ಲಿಲ್ಲ, ಮುಟ್ಟಕ್ಕೆ ಧೈರ್ಯ ಬರ್ಲಿಲ್ಲ. ಬೇಕಿದ್ರೆ ಹೋಗಿ ನೋಡ್ಕೋ." ಬೀಗದ ಕೈ ಮುಂದೆ ತಳ್ಳಿದರು. ಜೊತೆಗೆ ಬರಲಿಲ್ಲ.

ಸ್ಟೂಲು ಹತ್ತಿ ಅದನ್ನು ಇಳಿಸಿದೆ. ಅದೀಗ ಕಾರಿನಲ್ಲಿ ನನ್ನ ಪಕ್ಕದ ಸೀಟಿನ ಮೇಲಿದೆ, ಅಂದು ಅಂಕಿತಾ ನಿದ್ದೆ ಹೋಗಿದ್ದ ಸೀಟು. ಮನೆಯ ಹೊರಗೆ ಗಾಡಿ ನಿಲ್ಲಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಉಳುಕಿದ ಕಾಲಿನಲ್ಲೇ ಶಾಲೆಗೆ ಹೋದವಳು ಬರುವ ಹೊತ್ತಾಯಿತು. ಇದನ್ನು ಅವಳ ಮುಂದೆ ಇಡುತ್ತೇನೆ. ಈ ಸಲ "ಇರಬಹುದು" ಎನ್ನುವುದಿಲ್ಲ. ಆಮೇಲೆ ಅವಳು ತನ್ನ ಬಟ್ಟೆಯ ಚೀಲ ಕೇಳಿದರೆ ಅಟ್ಟದಿಂದ ನಾನೇ ಇಳಿಸಿಕೊಡುತ್ತೇನೆ, ಭದ್ರಾವತಿಗೆ ನಾನೇ ಬಿಟ್ಟು ಬರುತ್ತೇನೆ. ನನ್ನ ಜೊತೆ ಕಾರಿನಲ್ಲಿ ಕೂರಲಾರೆ ಎಂದರೆ ಬಸ್ ನಿಲ್ದಾಣದವರೆಗೆ ವೀಣಾ ಹೋಗುತ್ತಾಳೆ.

ಬಾಟಲಿಯಲ್ಲಿ ಮುಕ್ಕಾಲು ಎಣ್ಣೆ ಹಾಗೇ ಇದೆ. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ಗಾಣದ ಎಣ್ಣೆ ಅಂಗಡಿಯ ಹೆಸರು, ಅದರ ಕೆಳಗೆ ಮಲವಗೊಪ್ಪ ಎಂದು ಊರಿನ ಹೆಸರು ಇದೆ — ಅಂದು ಪಾರ್ಕಿನಿಂದ ಬರುವ ದಾರಿಯಲ್ಲಿ ನನ್ನ ನೆನಪು ಎಲ್ಲಿಯೂ ನಿಲ್ಲದೆ ದಾಟಿ ಬಂದ ಊರು. ಚೀಲದ ತಳದಲ್ಲಿ ಪಾರ್ಕಿನ ನೀಲಿ ಕಾಗದದ ಪಟ್ಟಿ ಇದೆ, ಹರಿದದ್ದು, ಎಣ್ಣೆ ಹೀರಿ ಕಪ್ಪಾದದ್ದು. ಅಕ್ಕನ ಪಟ್ಟಿ ಅಕ್ಕನೊಂದಿಗೆ ಮಣ್ಣಿನಲ್ಲಿದೆ. ಅಂಕಿತಾಳದು ಅವಳ ಮೇಜಿನ ಖಾನೆಯಲ್ಲಿ ದಾಸವಾಳದ ತುಂಡಿನ ಜೊತೆ ಇದೆ. ಭದ್ರಾವತಿಯಿಂದ ಬಂದವನೇ ಮೊದಲು ಒಳಗೆ ಹೋಗಿ ಆ ಖಾನೆಯನ್ನು ತೆರೆದು ನೋಡಿ ಬಂದೆ. ಉಳಿದದ್ದು ನನ್ನದು. ಎಣ್ಣೆ ತಂದವನು ನಾನು.